ಮೆಟ್ಟಿಲಲ್ಲಿ ಸಿಕ್ಕಿಕೊಂಡ ಪಿಯಾನೊ

ಸುಖವಾಗಿರುವವರಿಗೆ ಉಪಕಾರ ಮಾಡಲು ಹೋಗಬಾರದು ಎಂಬುದು ನನ್ನ ಈಗಿನ ಅಭಿಪ್ರಾಯ. ಕಷ್ಟದಲ್ಲಿರುವವರಾದರೆ ನಮ್ಮ ಉಪಕಾರವನ್ನೂ ಹೇಗೋ ತಡೆದುಕೊಳ್ಳುತ್ತಾರೆ, ಅವರಿಗೆ ಅಭ್ಯಾಸವಿರುತ್ತದೆ. ಸುಖವಾಗಿರುವವರು ಕುಸಿದುಬಿಡುತ್ತಾರೆ. ಬಿಕರ್ನಕಟ್ಟೆಯ ನಮ್ಮ ಮನೆಯಲ್ಲಿ ಸುಖವಾಗಿದ್ದವರು ಒಬ್ಬರೇ, ನನ್ನ ತಾಯಿಯ ತಮ್ಮ ಲಾರೆನ್ಸ್ ಮಾಮ. ಮದುವೆಯಾಗದ ಅವರು ಹಂಚಿನ ಕಾರ್ಖಾನೆಯ ಗುಮಾಸ್ತಿಕೆಯಿಂದ ನಿವೃತ್ತರಾದಂದಿನಿಂದ ನಮ್ಮ ಜೊತೆಗಿದ್ದಾರೆ. ನಾನಾದರೋ ಹುಟ್ಟಿನಿಂದಲೇ ಮಂಕು ಸ್ವಭಾವದವನು. ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸಿದ ಮೇಲೆ ಅದು ಇನ್ನಷ್ಟು ಗಟ್ಟಿಯಾಯಿತು. ನನ್ನನ್ನು ಕಟ್ಟಿಕೊಂಡ ಲೀನಾ ನಗುತ್ತಿದ್ದದ್ದು ಊಟವಾದ ಮೇಲೆ ಮಾಮ ಕಥೆ ಹೇಳುವಾಗ ಮಾತ್ರ. ಆ ಕಥೆಗಳನ್ನೇ ನಾನು ನಿಲ್ಲಿಸಿಬಿಟ್ಟೆ.

ಅವೆಲ್ಲ ಲಂಡನ್ನಿನ ಕಥೆಗಳು. ಮಹಾಯುದ್ಧ ಮುಗಿದ ಮೇಲಿನ ವರ್ಷಗಳಲ್ಲಿ ಮಾಮ ಶಾಲೆಗೆ ಹೋಗುವ ಹುಡುಗ. ಮನೆಯಲ್ಲಿ ದೊಡ್ಡದೊಂದು ವಾಲ್ವ್ ರೇಡಿಯೊ ಇತ್ತಂತೆ. ಸಂಜೆಯಾದರೆ ಗೊರಗೊರ ಸದ್ದಿನ ನಡುವೆ ಲಂಡನ್ನಿನ ಹಾಸ್ಯ ನಾಟಕ ಬರುತ್ತಿತ್ತು. ಆದರೆ ನಾಟಕ ರಂಗೇರುವ ಹೊತ್ತಿಗೆ ಸರಿಯಾಗಿ ಇಗರ್ಜಿಯ ಗಂಟೆ ಬಾರಿಸುತ್ತಿತ್ತು. ಗಂಟೆಯಾಯಿತೆಂದರೆ ನಮ್ಮವರ ಮನೆಗಳಲ್ಲಿ ತೇರ್ಸ್, ಅಂದರೆ ಜಪಮಾಲೆಯ ಪ್ರಾರ್ಥನೆ. ಅಜ್ಜ ಎದ್ದು ರೇಡಿಯೊದ ಕಿವಿ ಹಿಂಡುತ್ತಿದ್ದರು, ಎಲ್ಲರೂ ಮೊಣಕಾಲೂರಬೇಕು. ಹೀಗಾಗಿ ಮಾಮ ಒಂದೇ ಒಂದು ನಾಟಕದ ಕೊನೆಯನ್ನೂ ಕೇಳಿದವರಲ್ಲ. ಜಪಮಣಿ ಎಣಿಸುತ್ತಲೇ ಉಳಿದದ್ದನ್ನು ತಾವೇ ಕಟ್ಟಿಕೊಳ್ಳುತ್ತಿದ್ದರು. ದೇವರಿಗೆ ಅದು ಗೊತ್ತಿದ್ದಿರಬೇಕು, ಅಜ್ಜನಿಗೆ ಗೊತ್ತಿರಲಿಲ್ಲ.

ನಮಗೆಲ್ಲ ಇಷ್ಟವಾದದ್ದು ಪಿಯಾನೊ ಕಥೆ. ಲಂಡನ್ನಿನ ಒಂದು ಮನೆಯಲ್ಲಿ ಪಿಯಾನೊ ಮಹಡಿ ಮೆಟ್ಟಿಲಲ್ಲಿ ಸಿಕ್ಕಿಕೊಳ್ಳುತ್ತದೆ. ಮೇಲಿದ್ದವರು ಮೇಲೆ, ಕೆಳಗಿದ್ದವರು ಕೆಳಗೆ. ಅಜ್ಜ ರೇಡಿಯೊ ಆರಿಸಿದ್ದು ಅಲ್ಲಿಗೆ. ಮುಂದಿನದೆಲ್ಲ ಮಾಮನದು, ಪ್ರತಿ ಸಲವೂ ಬೇರೆ. ಒಮ್ಮೆ ತೊಕ್ಕೊಟ್ಟಿನಿಂದ ಮೀನಿನ ಹೆಂಗಸು ಲಂಡನ್ನಿಗೇ ಹೋಗಿ, ತಲೆಯ ಮೇಲೆ ಬುಟ್ಟಿ ಹೊತ್ತು ಪಿಯಾನೊ ಹತ್ತಿ ಮೇಲಿನವರಿಗೆ ಮೀನು ಕೊಡುತ್ತಿದ್ದಳು. ಬಂಗುಡೆ ಬಿದ್ದರೆ ಒಂದು ಸ್ವರ, ಅಂಜಲ್ ಬಿದ್ದರೆ ಇನ್ನೊಂದು. ಇನ್ನೊಮ್ಮೆ ಮೇಲಿದ್ದ ಮುದುಕಿಗೆ ಪಾದ್ರಿಗಳು ಪಿಯಾನೊದ ಸಂದಿಯಲ್ಲಿ ಕೈ ತೂರಿಸಿ ಪ್ರಸಾದ ಕೊಡುತ್ತಿದ್ದರು. ಲೀನಾ ಸೆರಗಿನಿಂದ ಕಣ್ಣೊರೆಸಿಕೊಳ್ಳುವಷ್ಟು ನಗುತ್ತಿದ್ದಳು.

ಇಷ್ಟಕ್ಕೆ ಸುಮ್ಮನಿರದೆ ನಾನು ಮೊಬೈಲಿನಲ್ಲಿ ಹುಡುಕಿದೆ. ಆ ಕಾಲದ ಲಂಡನ್ ರೇಡಿಯೊ ಎಲ್ಲವೂ ಅಲ್ಲಿತ್ತು, ಪಿಯಾನೊ ಕೂಡ. ಮಾಮನ ಹುಟ್ಟುಹಬ್ಬಕ್ಕೆ ಒಂದು ಇಡೀ ದಿನದ ಲಂಡನ್ ರೇಡಿಯೊ ಕೇಳಿಸುವುದೆಂದು ತೀರ್ಮಾನಿಸಿದೆ. ಬೆಳಿಗ್ಗೆ ಕಾರ್ಖಾನೆಯ ಕೆಲಸಗಾರರಿಗೆಂದು ಬಾರಿಸಿದ ಬ್ಯಾಂಡು. ಮಧ್ಯಾಹ್ನ ರೇಷನ್ ಕಾಲದ ಗೃಹಿಣಿಯರಿಗೆ ಮೊಟ್ಟೆಯಿಲ್ಲದ ಕೇಕಿನ ಪಾಠ. "ಪಾಪ, ನಮ್ಮನ್ನು ಆಳಿದವರಿಗೆ ಒಂದು ಮೊಟ್ಟೆಗೂ ಗತಿ ಇರ್ಲಿಲ್ವಾ?" ಎಂದು ಲೀನಾ ಮೀನು ಹುರಿಯುತ್ತಾ ಮರುಗಿದಳು. ಆಮೇಲೆ ಅಳುವ ಧಾರಾವಾಹಿ ಬಂತು, ಮಾಮ ನಿದ್ದೆ ಹೋದರು. ಸಂಜೆ ಪಿಯಾನೊ. ಇಗರ್ಜಿಯ ಗಂಟೆ ಬಾರಿಸಿತು. ಮಾಮ ಅಭ್ಯಾಸಬಲದಿಂದ ಎದ್ದರು. ನಾನು ಉದಾರಿಯಂತೆ, "ಕೂತ್ಕೊಳ್ಳಿ ಮಾಮ, ಇವತ್ತು ತೇರ್ಸ್ ಆಮೇಲೆ" ಎಂದೆ.

ನಾಟಕ ಮುಂದುವರಿಯಿತು. ದಪ್ಪ ಮನುಷ್ಯನೊಬ್ಬ ಪಿಯಾನೊದ ಮೇಲೆ ಕುಳಿತ. ಧಡಾರ್! ಜನ ನಕ್ಕರು. ಮುಗಿಯಿತು.

"ಇಷ್ಟೆಯಾ?" ಎಂದರು ಮಾಮ.

"ಇಷ್ಟೇ ಮಾಮ."

"ಬೇರೆ ಉಂಟಲ್ಲ, ಅದನ್ನು ಹಾಕು."

ಹಾಕಿದೆ. ಅದರಲ್ಲಿ ಏಣಿಯಿಂದ ಬಿದ್ದರು. ಮತ್ತೊಂದರಲ್ಲಿ ದೋಣಿಯಿಂದ ಬಿದ್ದರು. ಮಾಮ ಕನ್ನಡಕ ತೆಗೆದು ಮಡಿಚಿಟ್ಟರು. "ಎಲ್ಲ ಬೀಳುವುದೇ. ನಾನು ಇಷ್ಟು ವರ್ಷ ಸುಮ್ಮನೆ ತಲೆ ಕೆಡಿಸಿಕೊಂಡೆ ಮಾರಾಯ" ಎಂದು ಜಪಮಾಲೆ ಕೈಗೆತ್ತಿಕೊಂಡರು.

ಅಂದಿನಿಂದ ಕಥೆ ನಿಂತಿತು. ಊಟವಾದ ಕೂಡಲೇ ಮಾಮ ಗೋಡೆ ಕಡೆ ತಿರುಗಿ ಮಲಗುತ್ತಿದ್ದರು. ಕಥೆ ಹೇಳಿ ಎಂದರೆ, "ನಿನ್ನ ಮೊಬೈಲಲ್ಲಿ ಉಂಟಲ್ಲ" ಎನ್ನುತ್ತಿದ್ದರು. ಅನ್ನ ಕೂಡ ಅರ್ಧಕ್ಕೇ ಬಿಡತೊಡಗಿದರು. ಅತ್ತಾವರದ ಡಾಕ್ಟರರು ಪರೀಕ್ಷಿಸಿ ಏನೂ ತೊಂದರೆಯಿಲ್ಲ ಎಂದರು. ತೊಂದರೆ ಪಕ್ಕದ ಕುರ್ಚಿಯಲ್ಲೇ ಕುಳಿತಿತ್ತು. "ಮನೆಯಲ್ಲಿ ಯಾರೋ ಹೋದ ಹಾಗೆ ಆಗಿದೆ. ನಿಮಗೆ ಸಮಾಧಾನ ಆಯ್ತಾ?" ಎಂದಳು ಲೀನಾ. ಅಂದು ನನಗೆ ನಿಜವಾಗಿಯೂ ಅಳು ಬಂತು. ಇರುವ ಒಬ್ಬ ಮಾಮನನ್ನು ನನ್ನ ಕೈಯಾರೆ ಮುದುಕನನ್ನಾಗಿ ಮಾಡಿದ್ದೆ.

ಕೊನೆಗೆ ಒಂದು ದಿನ ಪಿಯಾನೊ ಕಥೆಯನ್ನು ನಾನೇ ಹೇಳಲು ಹೊರಟೆ. ಮೂವತ್ತು ವರ್ಷ ಪಾಠ ಮಾಡಿದ ದನಿ, ಯಾರೂ ನಗಲಿಲ್ಲ. ಅಭಿನಯವಾದರೂ ಇರಲಿ ಎಂದು ಖಾಲಿ ಪಾತ್ರೆಯನ್ನು ಬುಟ್ಟಿಯಂತೆ ತಲೆಯ ಮೇಲಿಟ್ಟುಕೊಂಡು, ಮೀನಿನ ಹೆಂಗಸಾಗಿ ಸ್ಟೂಲ್ ಹತ್ತಿದೆ. ಸ್ಟೂಲಿನ ಕಾಲು ಜಾರಿತು. ಧಡಾರ್!

ಮಾಮ ನಕ್ಕರು. ಕೆಮ್ಮು ಬರುವವರೆಗೆ ನಕ್ಕರು. ಲೀನಾ ನನ್ನನ್ನು ಎತ್ತುವುದು ಬಿಟ್ಟು ಅವರ ಬೆನ್ನು ನೀವಿದಳು.

ನನ್ನ ಸೊಂಟ ಇನ್ನೂ ಸರಿಯಾಗಿಲ್ಲ. ಮಾಮ ಈಗ ತಟ್ಟೆ ತುಂಬ ಉಣ್ಣುತ್ತಾರೆ, ನನ್ನನ್ನು ನೋಡಲು ಬಂದವರಿಗೆಲ್ಲ ನಾನು ಬಿದ್ದ ಕಥೆ ಹೇಳುತ್ತಾರೆ. ಕೊನೆ ಪ್ರತಿ ಸಲವೂ ಬೇರೆ. ಮೊದಲ ದಿನ ನನ್ನ ಕಾಲು ಮುರಿದಿತ್ತು. ಆಮೇಲೆ ಪಾತ್ರೆ ತಲೆಯಿಂದ ಬಾರದೆ ನಾನು ಹಾಗೆಯೇ ಪಾಪನಿವೇದನೆಗೆ ಹೋಗಿದ್ದೆ. ನಿನ್ನೆಯ ಕಥೆಯಲ್ಲಿ ನಾನು ಸತ್ತೇ ಹೋದೆ. ಕೇಳಿದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು, ಎಲ್ಲರಿಗಿಂತ ಜೋರಾಗಿ ಲೀನಾ.