ನೀಲಮ್ಮನ ಖಾನಾವಳಿಗೆ ಚಳಿ ಹಿಡಿದದ್ದು

"ನೀಲಾ, ಇನ್ನು ನಿನ್ನ ರೊಟ್ಟಿ ಉಳಿಯಂಗಿಲ್ಲ!" ಎನ್ನುತ್ತ ಪಂಪಾಪತಿ ಮೂರು ತಿರುಪುಗಳಿದ್ದ ಅಲ್ಯುಮಿನಿಯಂ ಡಬ್ಬಿಯೊಂದನ್ನು ಖಾನಾವಳಿಯ ಮೇಜಿನ ಮೇಲೆ ಕುಕ್ಕಿದ.

ರೊಟ್ಟಿ ಬಡಿಯುತ್ತಿದ್ದ ನೀಲಮ್ಮ ಕೈ ನಿಲ್ಲಿಸಿದಳು. ಹಳೇ ರೇಡಿಯೊ ರಿಪೇರಿ ಮಾಡುತ್ತಿದ್ದ ಗಂಡ ಕೈಯಿಟ್ಟ ಯಾವುದೂ ನೆಟ್ಟಗಾಗಿರಲಿಲ್ಲ. ಆದರೆ ಅವಳೂ ಕಂಗಾಲಾಗಿದ್ದಳು. ಬಳ್ಳಾರಿಯ ಬಿಸಿಲಿಗೆ ಜನರ ಹಸಿವೇ ಸತ್ತು, ಬಂದವರೆಲ್ಲ ಮಜ್ಜಿಗೆ ಕುಡಿದು ಎದ್ದು ಹೋಗುತ್ತಿದ್ದರು. ಹೀಗೇ ನಡೆದರೆ ಖಾನಾವಳಿಗೆ ಬೀಗವೇ ಗತಿ.

"ಮೆದುಳಿನ ಬುಡದಾಗ ಬಾದಾಮಿಯಷ್ಟು ಒಂದು ಜಾಗ ಐತಿ. ಹಸಿವು, ನೀರಡಿಕಿ, ಮೈಶಾಖ, ಮೂರೂ ಅದರ ಕೈಯಾಗ. ಆ ಜಾಗ ನನ್ನ ಡಬ್ಬಿ ಕೈಯಾಗ!"

ಪಂಪಾಪತಿ ಮೊದಲ ತಿರುಪನ್ನು ತಿರುಗಿಸಿದ. ಕೈ ತೊಳೆಯಲು ಎದ್ದಿದ್ದ ಬ್ಯಾಂಕಿನ ಗಾದಿಲಿಂಗಪ್ಪ ಗಕ್ಕನೆ ನಿಂತ.

"ಅಕ್ಕಾ, ಎರಡು ರೊಟ್ಟಿ ಹಾಕ್ರಿ!"

ಎರಡು ಹನ್ನೊಂದಾದವು. ಓಣಿಯ ಜನವೆಲ್ಲ ಒಳಗೆ ನುಗ್ಗಿತು. ನೀಲಮ್ಮನಿಗೂ ಹೊಟ್ಟೆ ಚುರುಗುಟ್ಟಿ, ಒಂದು ರೊಟ್ಟಿ ಗಿರಾಕಿಗೆ, ಒಂದು ತನ್ನ ಬಾಯಿಗೆ! ಅರ್ಧ ಗಂಟೆಯಲ್ಲಿ ಹಿಟ್ಟಿನ ಡಬ್ಬ ಖಾಲಿ. ಬದನೆಕಾಯಿ ಮುಗಿದ ಮೇಲೆ ಜನ ಹಸಿ ಈರುಳ್ಳಿಗೆ ಕೈ ಹಾಕಿದರು.

"ಸಾಕು, ಇಳಸ್ರಿ ಅದನ್ನ!" ನೀಲಮ್ಮ ಕೂಗಿದಳು.

ಪಂಪಾಪತಿ ಹಿಂದಕ್ಕೆ ತಿರುಗಿಸಿದ್ದೇ ತಡ, ತಿರುಪು ಕಿತ್ತು ಕೈಗೇ ಬಂತು!

"ಚಿಂತಿ ಬ್ಯಾಡ. ನೀರು ಕುಡದ್ರ ಹೊಟ್ಟಿ ತುಂಬತೈತಿ" ಎಂದು ಎರಡನೆಯದನ್ನು ತಿರುಗಿಸಿದ.

ಕೊಡಗಳು ಬರಿದಾದವು. ಗಾದಿಲಿಂಗಪ್ಪ ಹೂದಾನಿಯಲ್ಲಿದ್ದ ನೀರನ್ನೂ ಬಿಡಲಿಲ್ಲ.

"ಇದ್ದ ನೀರೆಲ್ಲ ಹೋತಲ್ರೀ! ನಳದ ನೀರು ಬರೂದು ನಾಡಿದ್ದ!"

"ಸೆಕಿ ಹೋದ್ರ ನೀರಡಿಕೀನೂ ಹೋಗತೈತಿ. ಹೊರಗ ನಲವತ್ತೆರಡು ಡಿಗ್ರಿ. ಮೈಯೊಳಗೂ ನಲವತ್ತೆರಡು ಮಾಡಿದ್ರ ಸೆಕಿ ಅನ್ನೂದು ಎಲ್ಲಿಂದ ಬರತೈತಿ?" ಪಂಪಾಪತಿ ಗತ್ತಿನಿಂದ ಮೂರನೆಯದನ್ನು ತಿರುಗಿಸಿದ.

ಮರುಕ್ಷಣ ಇಡೀ ಖಾನಾವಳಿ ಗಡಗಡ ನಡುಗತೊಡಗಿತು. ಹಲ್ಲಿಗೆ ಹಲ್ಲು ಕಟಕಟ! ಗಾದಿಲಿಂಗಪ್ಪ ಮೇಜಿನ ಬಟ್ಟೆ ಹೊದ್ದ. ಉಳಿದವರು ಒಲೆಯ ಮುಂದೆ ಜಾಗಕ್ಕಾಗಿ ಕಿತ್ತಾಡಿದರು.

"ಇ-ಇದೇನು ನೀಲಾ, ತಂಪಾಗಬೇಕಿತ್ತಲ್ಲ?" ಪಂಪಾಪತಿ ಗೋಣಿಚೀಲದೊಳಗೆ ತೂರಿಕೊಂಡು ಕೇಳಿದ.

ಮೂರು ಮಕ್ಕಳ ಜ್ವರ ಕಂಡಿದ್ದ ನೀಲಮ್ಮನಿಗೆ ಫಕ್ಕನೆ ಹೊಳೆಯಿತು. "ಜ್ವರ ಏರೂ ಮುಂದ ಚಳಿ ಹಿಡಿಯಂಗಿಲ್ಲೇನ್ರಿ? ಮೈ ಇನ್ನೂ ಕಾಯಬೇಕು ಅಂತ ಮೆದುಳಿಗೆ ಹೇಳೀರಿ. ಅದು ನಡುಗಿಸಿ ಕಾಯಸಾಕತ್ತೈತಿ! ಹಿಂದಕ್ಕ ತಿರುಗಸ್ರಿ, ಜನ ಸತ್ತಾರು!"

ನಡುಗುವ ಬೆರಳಿಗೆ ತಿರುಪು ಸಿಗಲೇ ಇಲ್ಲ. ನೀಲಮ್ಮ ತಾನೇ ನಡುಗುತ್ತ, ಮೂಲೆಯಲ್ಲಿ ಅಡಗಿಸಿಟ್ಟಿದ್ದ ಕೊನೆಯ ಮಜ್ಜಿಗೆ ಗಡಿಗೆಯನ್ನೆತ್ತಿ ಡಬ್ಬಿಯ ಮೇಲೆ ಸುರಿದಳು. ಚುಂಯ್! ಡಬ್ಬಿ ಒಮ್ಮೆ ಬಿಕ್ಕಿತು. ನಡುಕ ನಿಂತಿತು. ಎಲ್ಲರೂ ಉಸ್ಸೆಂದರು.

ಆದರೆ ಡಬ್ಬಿ ಪೂರ್ತಿ ಸತ್ತಿರಲಿಲ್ಲ. ಖಾನಾವಳಿಯ ಹೊಸ್ತಿಲು ದಾಟಿದವರಿಗೆ ಹಿತವಾದ ಸಣ್ಣ ಚಳಿ, ಜೊತೆಗೆ ಒಂದಿಷ್ಟು ಹಸಿವು! ಸುದ್ದಿ ಊರೆಲ್ಲ ಹಬ್ಬಿತು. ವಾರದೊಳಗೆ ಮಟಮಟ ಮಧ್ಯಾಹ್ನ ಜನ ಸ್ವೆಟರು, ಮಂಗನ ಟೋಪಿ ತೊಟ್ಟು ಬಿಸಿ ರೊಟ್ಟಿಗೆ ಸಾಲು ನಿಂತರು.

ಪಂಪಾಪತಿಗೆ ಮಾತ್ರ ಸಮಾಧಾನವಿಲ್ಲ. ಸ್ಕ್ರೂಡ್ರೈವರ್ ಹಿಡಿದು ಬಂದ. "ಕೆಟ್ಟೈತಿ. ಸರಿ ಮಾಡಿಬಿಡ್ತೀನಿ."

ನೀಲಮ್ಮ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು.

"ನೀವು ಮಾಡಿದ್ದರಾಗ ಚಲೋ ಕೆಟ್ಟಿದ್ದು ಇದೊಂದ. ಮುಟ್ಟಬ್ಯಾಡ್ರಿ."