ಎರಡು ಹಾಯಿದೋಣಿ ಮತ್ತು ನನ್ನ ಅನುಮಾನ

ಅನುಮಾನ ನನ್ನ ಹುಟ್ಟುಗುಣ. ದಾನ ಕೊಟ್ಟ ಎಮ್ಮೆಯ ಹಲ್ಲು ಹಿಡಿದು ನೋಡಬಾರದು ಅನ್ನುತ್ತಾರೆ. ನಾನು ಹಲ್ಲು ನೋಡಿ, ಬಾಲ ಎತ್ತಿ ನೋಡಿ, ಕೊಟ್ಟವನ ಮುಖವನ್ನೂ ಒಮ್ಮೆ ನೋಡುತ್ತೇನೆ. ಹಾಲಿನವನು ಒಂದು ದಿನ ಕೊಸರು ಜಾಸ್ತಿ ಹಾಕಿದರೆ ಆ ಹಾಲು ಕಾಯುವ ತನಕ ನನಗೆ ಸಮಾಧಾನವಿಲ್ಲ. ಇಂಥವನಿಗೆ ನಿವೃತ್ತಿಯ ಹೊತ್ತಿನಲ್ಲಿ ಒಂದು ಹಾಯಿದೋಣಿಯನ್ನು ಪುಕ್ಕಟೆ ಕೊಡುತ್ತೇನೆ ಎಂದರೆ ಗತಿ ಏನಾಗಬೇಕು, ನೀವೇ ಹೇಳಿ.

ಹಾಗೆಂದವರು ನಮ್ಮ ಮಾಲೀಕರು. ಹಿರೇಹಳ್ಳಿಯಲ್ಲಿ ಅವರದೊಂದು ಫೈಬರ್ ಕಾರ್ಖಾನೆ. ನೀರಿನ ಟ್ಯಾಂಕು, ಬಚ್ಚಲಮನೆ ಬಾಗಿಲು ಮಾಡುತ್ತಿದ್ದೆವು. ಆಗ ನಾನು ಅಲ್ಲಿ ಸ್ಟೋರ್ಸ್ ಸೂಪರ್‌ವೈಸರು. ಯಾವುದೋ ರೆಸಾರ್ಟಿನವರು ಹಾಯಿದೋಣಿ ಬೇಕು ಎಂದಿದ್ದಕ್ಕೆ ಸ್ಯಾಂಪಲ್ ಅಂತ ಎರಡು ಬಗೆಯವನ್ನು ಮಾಡಿದ್ದೆವು. ಆಮೇಲೆ ಅವರು ಫೋನೇ ಎತ್ತಲಿಲ್ಲ. ದೋಣಿಗಳು ನೀರಿನ ಮುಖ ಕಾಣದೆ ಶೆಡ್ಡಿನಲ್ಲಿ ಉಳಿದವು. ಒಂದರಲ್ಲಿ ಬೆಕ್ಕು ಮರಿ ಹಾಕಿತು. "ಎಲ್ರಿಗೂ ಶಾಲು, ಗೋಡೆ ಗಡಿಯಾರ ಕೊಟ್ಟು ಕಳಿಸ್ತೀವಿ. ನಿಮ್ಗೆ ಒಂದು ದೋಣಿ ಕೊಡಣ ಅಂತಿದೀನಿ. ಯಾವ್ದು ಬೇಕೋ ನೋಡ್ಕೊಳ್ಳಿ" ಎಂದರು ಮಾಲೀಕರು. ಶೆಡ್ಡು ಖಾಲಿ ಮಾಡಿಸಲು ಇದಕ್ಕಿಂತ ಅಗ್ಗದ ದಾರಿ ಇಲ್ಲ ಎಂದು ನನಗೆ ತಕ್ಷಣ ಹೊಳೆಯಿತು. ಹೊಳೆದರೂ ಬೇಡ ಎನ್ನಲು ಬಾಯಿ ಬರಲಿಲ್ಲ.

ಮೊದಲನೆಯದು ರೇಸಿನ ದೋಣಿ. ಸಪೂರ, ಹಗುರ, ಉದ್ದನೆಯ ಕಂಬ. ಗಾಳಿ ಬಂದರೆ ಬಾಣದ ಹಾಗೆ ಹೋಗುತ್ತದಂತೆ, ಇನ್ನೂ ಸ್ವಲ್ಪ ಜೋರಾಗಿ ಬಂದರೆ ಮಗುಚಿಕೊಳ್ಳುತ್ತದಂತೆ. ಕೂರಲು ಒಂದು ಹಲಗೆ, ಅಷ್ಟೇ. ಎರಡನೆಯದು ಕುಳ್ಳಗೆ, ಗುಂಡಗೆ, ನಿಧಾನಸ್ಥ. ಆದರೆ ಅದಕ್ಕೊಂದು ಕ್ಯಾಬಿನ್ನು ಉಂಟು. ಒಳಗೆ ಒಬ್ಬರು ಮಲಗುವಷ್ಟು ಹಾಸಿಗೆ, ಒಲೆ ಇಡಲು ಗೂಡು, ಗಾಳಿಗೆ ಪುಟ್ಟ ಕಿಟಕಿ. ಅದರಲ್ಲೇ ಸಂಸಾರ ಹೂಡಿಕೊಂಡು ವಾರಗಟ್ಟಲೆ ನೀರಿನ ಮೇಲೆ ಸುತ್ತುವವರು ಇದ್ದಾರಂತೆ. ತುಮಕೂರಿನಲ್ಲಿ ಮನೆ ಕಟ್ಟಿಕೊಂಡು, ಹೆಬ್ಬೂರಿನ ತೋಟದ ತೊಟ್ಟಿಯಲ್ಲಿ ಈಜು ಕಲಿತವನು ನಾನು. ನನಗೆ ಸಮುದ್ರ ಎಂದರೆ ಕುಣಿಗಲ್ ಕೆರೆ.

ಕುಣಿಗಲ್ಲಿನಲ್ಲಿರುವ ನನ್ನ ಭಾವಮೈದ ಶಿವಣ್ಣ ಬಂದು, ಕುದುರೆ ನೋಡುವವನಂತೆ ಎರಡರ ಬೆನ್ನನ್ನೂ ತಟ್ಟಿದ. "ರೇಸಿಂದು ಬ್ಯಾಡ ಬುಡಿ ಭಾವ. ಕೆರೇಲಿ ನೀವೊಬ್ರೇ ಇರ್ತೀರಿ, ಯಾರ್ ಮೇಲೆ ಗೆಲ್ತೀರಾ? ಕ್ಯಾಬಿನ್ನಿಂದೇ ಇರ್ಲಿ" ಎಂದ. ಕೆರೆಗೆ ಇಳಿಸಲು ಪರ್ಮಿಷನ್ ಯಾರು ಕೊಡಬೇಕು ಎಂದು ಕೇಳಿದೆ. "ಮೊದ್ಲು ತಗೊಳ್ಳಿ, ಆಮೇಲ್ ನೋಡಣ" ಎಂದ. ಈ ಅವಸರ ಯಾಕೆ ಎಂದು ನನಗೆ ಆಗಲೇ ಗುಮಾನಿ ಬಂತು. ಅಕ್ಕ ತಮ್ಮ ಸೇರಿ ಏನೋ ಹೂಡಿದ್ದಾರೆ.

ಅಕ್ಕ ಎಂದರೆ ನನ್ನ ಹೆಂಡತಿ ಜಯ. ಹಳೆಯ ಚೇರು ತಂದರೂ "ಇದ್ಯಾತಕ್ ತಂದ್ರಿ" ಎನ್ನುವವಳು, ದೋಣಿ ಎಂದಾಗ ಹುಬ್ಬೂ ಏರಿಸಲಿಲ್ಲ. ಬದಲಿಗೆ ವಿಚಾರಣೆ ಶುರು ಮಾಡಿದಳು. "ಮಳೆ ಬಂದ್ರೆ ಒಳಕ್ ನೀರ್ ಬರ್ತದಾ? ಒಬ್ರು ಆರಾಮಾಗಿ ಕಾಲು ಚಾಚ್ಬೋದಾ? ಒಳಗಿಂದ ಚಿಲ್ಕ ಐತಾ?" ಚಿಲಕದ ಮಾತು ಕೇಳಿದ್ದೇ ನನಗೆ ಎಲ್ಲ ಅರ್ಥವಾಯಿತು. ನಿವೃತ್ತನಾದವನು ಹಗಲೆಲ್ಲ ಮನೆಯಲ್ಲಿ ಕಾಲಿಗೆ ತೊಡರುತ್ತಾನೆಂದು ಇವಳು ನನ್ನನ್ನು ಕ್ಯಾಬಿನ್ನಿಗೆ ಸಾಗಹಾಕುವ ಏರ್ಪಾಡು ಮಾಡುತ್ತಿದ್ದಾಳೆ. ಇಷ್ಟು ವರ್ಷ ಬಾಳಿದವಳಿಗೆ ನಾನು ಬೇಡವಾದೆನೇ ಎಂದು ನಿಜವಾಗಿಯೂ ಸಂಕಟವಾಯಿತು. ಅಂದಿನಿಂದ ನಾನು ರೇಸಿನ ದೋಣಿಯ ಪಕ್ಷ. ಮಲಗಲು ಜಾಗವೇ ಇಲ್ಲದ ದೋಣಿಗೆ ಯಾರನ್ನೂ ಸಾಗಹಾಕಲಾಗುವುದಿಲ್ಲ.

ಜಗ್ಗಾಟ ಮುಗಿಯದೆ ಜಯ ಒಂದು ದಿನ, "ಅಮ್ಮನ ಹತ್ರ ಹೂವು ಕೇಳಣ ನಡೀರಿ" ಎಂದಳು. ಹೆಣ್ಣು ಕೊಡುವುದಿರಲಿ, ಬೋರ್‌ವೆಲ್ ಕೊರೆಸುವುದಿರಲಿ, ನಮ್ಮಲ್ಲಿ ಹೆಬ್ಬೂರಿನ ಗುಡಿಯ ಅಮ್ಮನ ತಲೆಯ ಮೇಲಿನ ಹೂವು ಕೇಳದೆ ಮುಂದುವರಿಯುವುದಿಲ್ಲ. ಬಲಗಡೆ ಬಿದ್ದರೆ ಕ್ಯಾಬಿನ್ನು, ಎಡಗಡೆ ಬಿದ್ದರೆ ರೇಸು ಎಂದು ಮಾತಾಯಿತು. ಹಾಯಿದೋಣಿಯ ಬಗ್ಗೆ ಅಮ್ಮನಿಗೆ ಅದೇ ಮೊದಲ ಅರ್ಜಿ ಇರಬೇಕು. ಜಯ ಕಣ್ಣು ಮುಚ್ಚಿಕೊಂಡು ಬಹಳ ಹೊತ್ತು ಏನೋ ಬೇಡಿಕೊಂಡಳು. ದೋಣಿಗೆ ಇಷ್ಟುದ್ದ ಬೇಡಿಕೆ ಯಾಕೆ ಎಂದು ನಾನು ಒಂದು ಕಣ್ಣಿನಲ್ಲಿ ಅವಳನ್ನೂ ಇನ್ನೊಂದರಲ್ಲಿ ಹೂವನ್ನೂ ಕಾದೆ. ಬಲಗಡೆಯಿಂದ ಒಂದು ಸೇವಂತಿಗೆ ಉದುರಿತು. ಅರ್ಚಕರ ಮೇಲೂ ಅನುಮಾನ ಬಂತು, ಆದರೆ ಅವರು ದೂರ ನಿಂತಿದ್ದರು.

ಕ್ಯಾಬಿನ್ ದೋಣಿ ಟೆಂಪೋದಲ್ಲಿ ಬಂದು ನಮ್ಮ ಮನೆಯ ಪಕ್ಕದ ತೆಂಗಿನ ಮರದ ಕೆಳಗೆ ಇಳಿಯಿತು. ನಿವೃತ್ತಿಯಾದ ಮರುದಿನ ತಿಂಡಿ ತಿಂದು, ಇನ್ನು ಹೇಳಿಸಿಕೊಳ್ಳುವುದು ಬೇಡವೆಂದು ದಿಂಬನ್ನು ಕಂಕುಳಲ್ಲಿ ಇಟ್ಟುಕೊಂಡು ನಾನೇ ದೋಣಿಯ ಕಡೆ ಹೊರಟೆ. ಬಾಗಿಲು ತಳ್ಳಿದರೆ ತೆಗೆಯಲಿಲ್ಲ. ಕಿಟಕಿಯಲ್ಲಿ ಇಣುಕಿದೆ. ಒಳಗೆ ಟೇಬಲ್ ಫ್ಯಾನು ತಿರುಗುತ್ತಿತ್ತು. ಜಯ ಕಾಲು ಚಾಚಿ ಮಲಗಿದ್ದಳು.

"ನೀವ್ ಫ್ಯಾಕ್ಟ್ರಿಗೆ ಹೋದ್ಮೇಲೆ ಇಷ್ಟ್ ವರ್ಷ ಹಗಲೊತ್ತು ಮನೆ ನಂದಾಗಿತ್ತು ಕಣ್ರೀ" ಎಂದಳು, ಎದ್ದು ಕೂತು. "ಯಾರೂ ಏನೂ ಕೇಳದಂಗೆ ಒಂದ್ ಗಳಿಗೆ ಸುಮ್ನೆ ಬಿದ್ಕೊತಿದ್ದೆ. ಇನ್ಮೇಲೆ ನೀವಿರ್ತೀರಲ್ಲ. ಅದಕ್ಕೆ ಅಮ್ಮನ್ನ ಕೇಳ್ದೆ, ನಾನ್ ದೋಣೀಲಿ ಇರ್ಲಾ ಅಂತ."

"ಮತ್ತೆ ನಾನು?"

"ಮನೆ ಐತಲ್ಲ. ಕುಕ್ಕರ್ ಇಟ್ಟಿದೀನಿ, ಮೂರು ವಿಷಲ್ ಆದ್ಮೇಲೆ ಆರ್ಸಿ."

ನನ್ನನ್ನು ಹೊರಗೆ ಹಾಕುತ್ತಾಳೆಂದು ಹಗಲಿರುಳು ಅನುಮಾನಪಟ್ಟವನಿಗೆ, ನನ್ನನ್ನು ಒಳಗೇ ಬಿಟ್ಟು ಅವಳು ಹೊರಗೆ ಹೋಗಬಹುದೆಂಬ ಅನುಮಾನ ಒಂದು ಮಾತ್ರ ಬಂದಿರಲಿಲ್ಲ. ಮೊನ್ನೆ ಶಿವಣ್ಣ ಬಂದು ಕೆರೆಗೆ ಪರ್ಮಿಷನ್ ಸಿಗುವ ಹಾಗಿದೆ ಎಂದ. ಬೇಡವೇ ಬೇಡ ಎಂದಳು ಜಯ, ಕಿಟಕಿಯಿಂದಲೇ. ಆಮೇಲೆ ಮಲಗಿದ ಕಡೆಯಿಂದ ತಲೆಯನ್ನೂ ಎತ್ತದೆ, "ಟೀ ಆಯ್ತೇನ್ರೀ?" ಎಂದು ಕೂಗಿದಳು. ಇಷ್ಟು ವರ್ಷ ಹಾಗೆ ಕೂಗುತ್ತಿದ್ದವನು ನಾನು. ಸಕ್ಕರೆ ಯಾವ ಡಬ್ಬಿಯಲ್ಲಿದೆ ಎಂದು ಕೇಳಬೇಕಾಗಿತ್ತು. ಹೋಗಿ ಬಾಗಿಲು ತಟ್ಟಿ, ಅವಳು ಚಿಲಕ ತೆಗೆಯಲಿ ಎಂದು ಹೊರಗೆ ಕಾದು ನಿಂತೆ.