ತಲೆ ಎತ್ತಿದರೆ ಹುಂಜ, ಇಳಿಬಿಟ್ಟರೆ ಹೇಂಟೆ

ತಪ್ಪು ಮಾಡಿ ಬೈಸಿಕೊಳ್ಳುವುದು ಅಂಥ ಕಷ್ಟವೇನಲ್ಲ, ಹುಟ್ಟಿದಾಗಿನಿಂದ ಅಭ್ಯಾಸವಿದೆ. ತಪ್ಪು ಮಾಡಿ ಹೊಗಳಿಸಿಕೊಳ್ಳುವುದಿದೆಯಲ್ಲ, ಅದು ನನ್ನ ಶತ್ರುವಿಗೂ ಬೇಡ. ಬೈದವರಿಗೆ ತಿರುಗಿ ಬೈಯಬಹುದು. ಹೊಗಳಿದವರನ್ನು ಏನು ಮಾಡುವುದು? ಹಲ್ಲು ಕಡಿದುಕೊಂಡು ನಗಬೇಕು. ಕೆಲವು ತಿಂಗಳಿಂದ ನಾನು ಹಾಗೇ ನಗುತ್ತಿದ್ದೇನೆ. ದವಡೆ ನೋಯುತ್ತಿದೆ, ಒಳಗೆ ಸಿಟ್ಟು ಕುದಿಯುತ್ತಿದೆ, ಮಂದಿ ಮಾತ್ರ ‘ಎಂಥ ನಗುಮುಖ’ ಅನ್ನುತ್ತಾರೆ. ಇದಕ್ಕೆಲ್ಲ ಕಾರಣ ಒಂದು ಬುಟ್ಟಿ ಕೋಳಿಮರಿ.

ನನ್ನ ತಂಗಿ ರತ್ನ ಇದೇ ಸಂತೇಬೆನ್ನೂರಿನಲ್ಲಿ, ನಮ್ಮ ಮನೆಯಿಂದ ಎರಡು ಬೀದಿ ಆಚೆ ಬಾಡಿಗೆಗಿದ್ದಾಳೆ. ಅವಳ ಮಗಳು ಸಿಂಚನ ಕಡ್ಡಿಯಂಥ ಹುಡುಗಿ. ಆಸ್ಪತ್ರೆಯ ನರ್ಸಮ್ಮ, ‘ದಿನಾ ಒಂದು ಮೊಟ್ಟೆ ಕೊಡ್ರಿ, ಬರೀ ಬಿಸ್ಕತ್ತು ತಿನ್ಸಿದ್ರೆ ಮಗು ಹೆಂಗೆ ಗಟ್ಟಿಯಾಗ್ತೈತೆ?’ ಎಂದು ಗದರಿಸಿದ್ದರು. ರತ್ನ ಒಂದು ನಾಟಿ ಕೋಳಿ ತಂದಳು. ಅದು ಕಾವಿಗೆ ಬಂತು. ಅವಳಿಗೆ ಹಿತ್ತಲಿಲ್ಲ, ಮನೆಯ ಮಾಲೀಕರಿಗೆ ಬೆಕ್ಕಿದೆ. ಹಾಗಾಗಿ ಪಾಲಿಗೆ ಒಪ್ಪಿಕೊಂಡೆ: ಕೋಳಿ, ಮೊಟ್ಟೆ ಅವಳವು, ಕಾವಿಗೆ ಕೂರಿಸಿ ಮರಿಗಳನ್ನು ಹದ್ದಿನಿಂದ ಕಾಯುವುದು ನನ್ನದು, ಮರಿ ಇಬ್ಬರಿಗೂ ಸಮ. ನಮ್ಮ ಕಡೆ ಪಾಲಿಗೊಂದು ಕಟ್ಟಳೆ ಇದೆ. ಹಿರಿಯರು ಹಂಚಬೇಕು, ಕಿರಿಯರು ಮೊದಲು ಎತ್ತಿಕೊಳ್ಳಬೇಕು. ಹಿರಿಯರ ಬುದ್ಧಿ ಎಂಥದೆಂದು ಚೆನ್ನಾಗಿ ಬಲ್ಲವರೇ ಇದನ್ನು ಮಾಡಿರಬೇಕು.

ನಾನು ಓದಿದ್ದು ನಾಲ್ಕನೇ ಕ್ಲಾಸು. ಆದರೆ ಎಳೆ ಮರಿಯಲ್ಲೇ ಹುಂಜ ಯಾವುದು, ಹೇಂಟೆ ಯಾವುದು ಎಂದು ಹೇಳುವ ವಿದ್ಯೆ ನನಗೆ ಬರುತ್ತದೆಂದು ಊರೆಲ್ಲ ಹೇಳಿಕೊಂಡಿದ್ದೆ. ಅಜ್ಜಿ ಕಲಿಸಿದ್ದು. ಮರಿಯ ಕಾಲು ಹಿಡಿದು ತಲೆಕೆಳಗು ಮಾಡಬೇಕು. ತಲೆ ಎತ್ತಿ ಮೇಲೆ ನೋಡಿದರೆ ಹುಂಜ, ಸುಮ್ಮನೆ ತಲೆ ಇಳಿಬಿಟ್ಟರೆ ಹೇಂಟೆ. ಮರಿಗಳಿಗೆ ರೆಕ್ಕೆ ಬಲಿತ ಮೇಲೆ ಒಂದೊಂದನ್ನೇ ಹಿಡಿದು ನೋಡಿ ಎರಡು ಬುಟ್ಟಿಗೆ ಹಾಕಿದೆ. ತಲೆ ಎತ್ತಿದವು ಒಂದು ಕಡೆ, ಇಳಿಬಿಟ್ಟವು ಇನ್ನೊಂದು ಕಡೆ, ಲೆಕ್ಕವೂ ಸರಿಸಮ ಬಂತು. ಬೆರೆಸಿ ಹಾಕುವುದು ನ್ಯಾಯ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಬೆರೆಸಲಿಲ್ಲ.

ರತ್ನ ಬಂದಳು. ‘ಆರಿಸ್ಕೋ’ ಅಂದೆ.

‘ನಂಗೇನು ತಿಳಿತೈತಕ್ಕಾ? ನೀನೇ ಕೊಡು. ಸಿಂಚನಾಗೆ ಮೊಟ್ಟೆ ಸಿಕ್ರೆ ಸಾಕು.’

ಹೀಗೆ ಕಟ್ಟಳೆಯನ್ನೇ ನನ್ನ ಕೈಗೆ ಕೊಟ್ಟವಳಿಗೆ ನಾನು ಕೊಟ್ಟಿದ್ದು ತಲೆ ಎತ್ತಿದ ಬುಟ್ಟಿ. ನಾಟಿ ಮೊಟ್ಟೆಗೆ ಮನೆ ಬಾಗಿಲಿಗೇ ಗಿರಾಕಿ ಬರುತ್ತಾರೆ, ಇದೊಂದು ಸಲ ಇರಲಿ ಎಂದುಕೊಂಡೆ. ಮಗುವಿನ ಮುಖ ನೆನಪಾಯಿತು. ‘ಹುಂಜದ ಸಾರೂ ಮಕ್ಕಳಿಗೆ ಶಕ್ತಿಯೇ’ ಎಂದು ಸಮಾಧಾನ ಹೇಳಿಕೊಂಡೆ. ಮನುಷ್ಯನ ನಾಲಿಗೆಗಿಂತ ಮನಸ್ಸಿಗೇ ಸುಳ್ಳು ಚೆನ್ನಾಗಿ ಬರುತ್ತದೆ.

ನನ್ನ ಬುಟ್ಟಿಯ ಮರಿಗಳಿಗೆ ಕೆಂಪು ಜುಟ್ಟು ಬರತೊಡಗಿದಾಗ ‘ಕೆಲವು ಹೇಂಟೆಗೂ ಹೀಗೇ ಬರುತ್ತದೆ’ ಅಂದೆ. ಬಾಲ ಬಾಗಿದಾಗ ‘ಜಾತಿ ಹಾಗೆ’ ಅಂದೆ. ಒಂದು ಬೆಳಗ್ಗೆ ಒಂದು ಮರಿ ಗೋಡೆ ಹತ್ತಿ ಗಂಟಲು ಹರಿಯುವ ಹಾಗೆ ಕೂಗಿತು. ಒಲೆ ಮುಂದೆ ಕೂತಿದ್ದ ನಮ್ಮ ಯಜಮಾನರು, ‘ಏನೇ, ನಿನ್ನ ಹ್ಯಾಟೆ ಮೊಟ್ಟೆ ಇಡಾಕೆ ಮುಂಚೆ ಮೈಕು ಹಿಡಿದೈತಲ್ಲ!’ ಎಂದರು. ಅವತ್ತು ಅವರಿಗೆ ಎರಡನೇ ಲೋಟ ಚಹಾ ಕೊಡಲಿಲ್ಲ. ವಾರದೊಳಗೆ ಎಲ್ಲವೂ ಕೂಗಿದವು. ಹಿತ್ತಲಿನಲ್ಲಿ ದಿನವೂ ಕಾಳಗ, ರೆಕ್ಕೆ, ರಕ್ತ. ಅತ್ತ ರತ್ನಳ ಮನೆಯಲ್ಲಿ ಒಂದು ಹುಂಜವೂ ಇಲ್ಲ. ತಲೆ ಎತ್ತಿ ನೋಡಿದವೆಲ್ಲ ಹೇಂಟೆಗಳು! ಹೆಣ್ಣಾದರೆ ತಲೆ ತಗ್ಗಿಸಬೇಕೆಂದು ಅಜ್ಜಿಗೆ ಯಾರೋ ಹೇಳಿದ್ದರು, ಅಜ್ಜಿ ನನಗೆ ಹೇಳಿದಳು. ಕೋಳಿಗೆ ಯಾರೂ ಹೇಳಿರಲಿಲ್ಲ. ಸತ್ತ ಅಜ್ಜಿಯ ಮೇಲೂ ಸಿಟ್ಟು ಬಂತು.

ಅಷ್ಟಾಗಿದ್ದರೆ ನುಂಗಿಕೊಳ್ಳುತ್ತಿದ್ದೆ. ರತ್ನ ಮೊದಲ ಮೊಟ್ಟೆಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದು ನನ್ನ ಕೈಗಿಟ್ಟು ಕಣ್ಣೀರು ಹಾಕಿದಳು. ‘ಎಲ್ಲಾ ಹ್ಯಾಟೆ ನಂಗೆ ಕೊಟ್ಟು ಹುಂಜ ನೀನಿಟ್ಕಂಡ್ಯಲ್ಲಕ್ಕಾ. ಹೆತ್ತೋಳೂ ಹಿಂಗೆ ಮಾಡಲ್ಲ.’ ಬೀದಿಯ ನಲ್ಲಿಯ ಹತ್ತಿರ ಇದೇ ಮಾತು. ಸಂತೆಗೆ ಹೋದರೆ ಅಲ್ಲೂ ಇದೇ. ‘ಅಕ್ಕ ಅಂದ್ರೆ ಅವಳು ನೋಡ್ರಿ!’ ಯಾರ್ಯಾರೋ ಮರಿ ಹಿಡಿದುಕೊಂಡು ಬಂದು, ‘ನಿಮ್ಮ ಕಣ್ಣು ಸುಳ್ಳಾಗಲ್ಲ, ಇದು ಯಾವ್ದು ಹೇಳ್ರಿ’ ಅನ್ನತೊಡಗಿದರು.

ತಡೆಯಲಾಗದೆ ಒಂದು ದಿನ ಹೇಳಿಯೇಬಿಟ್ಟೆ. ‘ರತ್ನಾ, ನಾನು ನಿಂಗೆ ಹುಂಜ ಕೊಡಬೇಕು ಅಂತ್ಲೇ ಕೊಟ್ಟಿದ್ದು.’

‘ಮತ್ತೆ ಹ್ಯಾಟೆ ಹೆಂಗಾದ್ವು?’

‘ನಂಗೆ ಗುರುತು ಹಿಡಿಯಾಕೆ ಬರಲ್ಲ ಕಣೇ!’

ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ‘ಸುಮ್ಕಿರಕ್ಕಾ. ಒಳ್ಳೇದು ಮಾಡಿ ತನ್ನನ್ನೇ ಬೈಕಳ್ಳೋರ್ನ ನಿನ್ನೊಬ್ಬಳ್ನೇ ನೋಡಿದ್ದು.’ ಸಂಜೆಯೊಳಗೆ ನನ್ನ ಹೊಗಳಿಕೆಗೆ ‘ದೊಡ್ಡಗುಣ’ವೂ ಸೇರಿತು. ಜನ್ಮದಲ್ಲಿ ಅಪರೂಪಕ್ಕೆ ನಿಜ ಹೇಳಿದರೆ ಅದನ್ನೂ ನಂಬದ ಊರು ಇದು!

ಈಚೆಗೆ ಅದೇ ಕೋಳಿ ಮತ್ತೆ ಮರಿ ಮಾಡಿತು. ಈ ಸಲ ಅವಳಿಗೆ ಹೇಂಟೆಗಳನ್ನೇ ಕೊಡಬೇಕೆಂದು ಗಟ್ಟಿ ಮನಸ್ಸು ಮಾಡಿದೆ. ಆದರೆ ಅದಕ್ಕೆ ತಲೆ ಎತ್ತಿದವನ್ನೇ ಕೊಡಬೇಕು. ಅಂದರೆ ಹೋದ ಸಲ ಮೋಸಕ್ಕೆ ಏನು ಮಾಡಿದ್ದೆನೋ, ಈಗ ನ್ಯಾಯಕ್ಕೂ ಅದನ್ನೇ ಮಾಡಬೇಕು. ಇಂಥದ್ದನ್ನು ಯೋಚಿಸಲು ನಾಲ್ಕನೇ ಕ್ಲಾಸು ಸಾಲದು. ಇರಲಿ ಎಂದು ಒಂದೊಂದನ್ನೇ ತಲೆಕೆಳಗು ಹಿಡಿದೆ. ಈ ಸಲ ಎಲ್ಲವೂ ತಲೆ ಎತ್ತಿ ನನ್ನನ್ನೇ ದುರುಗುಟ್ಟಿಕೊಂಡು ನೋಡಿದವು.

ರೇಗಿಹೋಯಿತು. ಕಣ್ಣು ಮುಚ್ಚಿ ಕೈಗೆ ಸಿಕ್ಕ ಹಾಗೆ ಎರಡೂ ಬುಟ್ಟಿ ತುಂಬಿದೆ. ‘ಇವತ್ತು ನೀನೇ ಎತ್ಕಬೇಕು, ಕಟ್ಟಳೆ ಅಂದ್ರೆ ಕಟ್ಟಳೆ’ ಎಂದು ರತ್ನಳಿಗೆ ಗದರಿಸಿದೆ. ಅವಳ ಕೈ ಎಡಗಡೆಯ ಬುಟ್ಟಿಯ ಮೇಲೆ ಹೋಯಿತು. ನನ್ನ ಬಾಯಿಂದ, ಯಾಕೋ ಗೊತ್ತಿಲ್ಲ, ‘ಅದಾ?’ ಎಂದು ಬಂದುಬಿಟ್ಟಿತು. ಅವಳು ಕೆಂಡ ಮುಟ್ಟಿದವಳಂತೆ ಕೈ ತೆಗೆದು, ‘ನೀನು ಹೇಳಿದ್ಮೇಲೆ ಮುಗೀತು ಬಿಡಕ್ಕಾ’ ಎನ್ನುತ್ತ ಇನ್ನೊಂದು ಬುಟ್ಟಿ ಎತ್ತಿಕೊಂಡು ಹೊರಟೇಹೋದಳು.

ಈಗ ದಿನಾ ಬೆಳಗಾದರೆ ನನ್ನ ಪಾಲಿನ ಮರಿಗಳ ಜುಟ್ಟು ನೋಡುತ್ತ, ‘ಎಲ್ಲಾ ಹುಂಜಗಳೇ ಆಗಲಪ್ಪ, ಆ ಮಗುವಿಗೆ ಮೊಟ್ಟೆ ತಪ್ಪದಿರಲಿ’ ಎಂದು ದೇವರಲ್ಲಿ ಬೇಡಿಕೊಳ್ಳುತ್ತೇನೆ. ಮನಸಾರೆಯೇ ಬೇಡುತ್ತೇನೆ. ಆದರೆ ಒಂದು ಮರಿಯ ಜುಟ್ಟು ಕೆಂಪಾಗದೆ ಸಣ್ಣಗೇ ಉಳಿದಿದೆ. ನಿನ್ನೆಯಿಂದ ಅದೊಂದಕ್ಕೆ ಮಾತ್ರ, ಯಾರೂ ನೋಡದ ಹಾಗೆ, ಒಂದು ಹಿಡಿ ಮೆಕ್ಕೆಜೋಳದ ನುಚ್ಚು ಹೆಚ್ಚಿಗೆ ಹಾಕುತ್ತಿದ್ದೇನೆ.